ಬಾತ್ ಊರಿನ ಹಳೇ ಮನೆ ಕೊಳ್ಳುವ ಮುನ್ನ

ಎಲ್ಲರಿಗೂ ಶರಣು ಶರಣಾರ್ಥಿ.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಮಕ್ಕಳು ಈಗ ಕಲಬುರಗಿಯ ಎಷ್ಟೋ ಮನೆಗಳಲ್ಲಿದ್ದಾರೆ. ಅವರ ತಂದೆ ತಾಯಿ ಬಂದು ಕೇಳುತ್ತಾರೆ: "ಸರ್, ಬಾತ್‌ನಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ನಾವು ತಗೋಬಹುದಾ?" ತಗೋಬಹುದು. ಹೊರದೇಶದವರು ಅಲ್ಲಿ ಮನೆ ಕೊಳ್ಳಲು ಅಡ್ಡಿಯಿಲ್ಲ. ಮನೆ ಕೊಂಡ ಮಾತ್ರಕ್ಕೆ ವೀಸಾ ಸಿಗುವುದಿಲ್ಲ, ಅಷ್ಟೇ. ಆದರೆ ಬೆಲೆ ಕೇಳುವ ಮೊದಲು ಇನ್ನೊಂದು ಮಾತು ಕೇಳಿಕೊಳ್ಳಿ. ಈ ಮನೆಯಲ್ಲಿ ಏನೇನು ಮಾಡಲು ನಮ್ಮನ್ನು ಬಿಡುತ್ತಾರೆ? ನಮಗಿಂತ ಮುಂಚೆ ಇದ್ದವರು ಏನೇನು ಮಾಡಿಟ್ಟಿದ್ದಾರೆ?

ಬಾತ್‌ನ ರಾಯಲ್ ಕ್ರೆಸೆಂಟ್ ನೋಡಿ. 1767ರಿಂದ 1775ರವರೆಗೆ ಕಟ್ಟಿದ್ದು, ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ 30 ಮನೆ. 1970ರ ದಶಕದಲ್ಲಿ ಅಲ್ಲಿನ ಒಬ್ಬ ಮಹಿಳೆ ತಮ್ಮ ಮುಂಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ನಗರಸಭೆ ನೋಟಿಸ್ ಕೊಟ್ಟಿತು, ಜಗಳ ಸರ್ಕಾರದ ಮಂತ್ರಿಯವರೆಗೆ ಹೋಯಿತು. ಕೊನೆಗೆ ಆಕೆಯೇ ಗೆದ್ದರು. ಬಾಗಿಲ ಬಣ್ಣಕ್ಕೇ ಇಷ್ಟಾದರೆ, ಒಳಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡುತ್ತೇನೆ ಅಂದರೆ ಏನಾದೀತು, ನೀವೇ ಯೋಚಿಸಿ.

ಅಲ್ಲಿ 1850ಕ್ಕಿಂತ ಹಳೆಯ, ಮೂಲ ರೂಪ ಉಳಿಸಿಕೊಂಡ ಮನೆಗಳಲ್ಲಿ ಹೆಚ್ಚಿನವು 'ಲಿಸ್ಟೆಡ್', ಅಂದರೆ ಕಾನೂನು ಕಾಪಾಡುವ ಹಳೇ ಕಟ್ಟಡಗಳ ಪಟ್ಟಿಗೆ ಸೇರಿದವು. ಗ್ರೇಡ್ 1, 2 ಸ್ಟಾರ್, 2 ಅಂತ ಮೂರು ದರ್ಜೆ. ಗ್ರೇಡ್ 2 ಅಂದರೆ ಮುಂಭಾಗ ಮಾತ್ರ, ಒಳಗೆ ನಮ್ಮ ಇಷ್ಟ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೆಟ್ಟಿಲು, ಬೆಂಕಿಗೂಡು, ಒಳಬಾಗಿಲು ಎಲ್ಲವೂ ಕಾನೂನಿನೊಳಗೇ ಬರುತ್ತವೆ. ಮನೆಯ ಸ್ವರೂಪ ಬದಲಾಗುವಂಥ ಕೆಲಸವನ್ನು ಅನುಮತಿ ಇಲ್ಲದೆ ಮಾಡಿದರೆ 1990ರ ಕಾಯ್ದೆ ಪ್ರಕಾರ ಅದು ಅಪರಾಧ. ಹಳೇ ಮಾಲೀಕ ಕದ್ದು ಮಾಡಿದ್ದರೆ ಕೇಸು ಅವನ ಮೇಲೆ, ಆದರೆ ಅದನ್ನು ಸರಿಪಡಿಸು ಅನ್ನುವ ನೋಟಿಸು ಬರುವುದು ಈಗಿನ ಮಾಲೀಕನಿಗೆ. ಎಷ್ಟು ವರ್ಷ ಕಳೆದರೂ ಬರಬಹುದು. ಅದಕ್ಕೇ ಹೇಳುತ್ತೇನೆ: ಹೊಸದಾಗಿ ಕಾಣುವ ಪ್ರತಿ ಕಿಟಕಿಗೂ ಅನುಮತಿ ಪತ್ರ ತೋರಿಸಿ ಅನ್ನಿ. ಸಂಕೋಚ ಬೇಡ.

ಗೋಡೆಯನ್ನೂ ಓದಬೇಕು. ಬಾತ್ ಕಲ್ಲು ನಮ್ಮ ಶಹಾಬಾದ್ ಕಲ್ಲಿನ ಹಾಗೆ ಸುಣ್ಣದ ಕಲ್ಲೇ, ಆದರೆ ಮೆತ್ತಗಿನದು. ಬೀದರಿನ ಮಹಮೂದ್ ಗವಾನ್ ಮದರಸಾದಂತೆ ಬಾತ್‌ನ ಈ ಹಳೇ ಮನೆಗಳೂ ಸಿಮೆಂಟಿಗೆ ಮೊದಲಿನ ಕಟ್ಟಡಗಳು. ಕಲ್ಲಿನ ಸಂದಿಯ ಸುಣ್ಣದ ಗಾರೆ ನೀರು ಹೀರುತ್ತದೆ, ಮತ್ತೆ ಗಾಳಿಗೆ ಬಿಡುತ್ತದೆ. ಯಾರೋ ಬಂದು ಸಂದಿಗೆಲ್ಲ ಸಿಮೆಂಟ್ ಮೆತ್ತಿದರೆ ಆ ನೀರು ಹೊರಬರಲು ಕಲ್ಲೇ ದಾರಿ. ಹತ್ತಿರ ಹೋಗಿ ನೋಡಿ: ಸಂದಿಯ ಸಿಮೆಂಟ್ ಗಟ್ಟಿಯಾಗಿ ಎದ್ದು ನಿಂತಿರುತ್ತದೆ, ಸುತ್ತಲಿನ ಕಲ್ಲು ಪುಡಿ ಉದುರಿ ಒಳಗೆ ಸರಿದಿರುತ್ತದೆ. ಬೆರಳಿನಿಂದ ಉಜ್ಜಿದರೆ ಹಿಟ್ಟು ಅಂಟುತ್ತದೆ. ಅಂಥ ಗೋಡೆ ಕಂಡರೆ ರಿಪೇರಿಯ ಖರ್ಚು ದೊಡ್ಡದು ಅಂತ ತಿಳಿಯಿರಿ. ಹಳೇ ಕಟ್ಟಡ ಗೊತ್ತಿರುವ ಸರ್ವೇಯರ್ ಕೈಯಲ್ಲಿ 'ಲೆವೆಲ್ 3' ಸರ್ವೇ, ಅಂದರೆ ಕಟ್ಟಡದ ಸ್ಥಿತಿಯ ಅತಿ ವಿವರವಾದ ತಪಾಸಣೆ, ಮಾಡಿಸಿ. ಅಲ್ಲಿ ಉಳಿತಾಯ ಮಾಡಬೇಡಿ.

ಇನ್ನು ದುಡ್ಡು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಲ್ಲಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಮನೆಯವರು ಸೇರಿ ಕಳಿಸಬಹುದು, ಆದರೆ ಪ್ರತಿಯೊಬ್ಬರೂ ಆ ನಿಯಮ ಪಾಲಿಸಬೇಕು. 10 ಲಕ್ಷ ರೂಪಾಯಿ ದಾಟಿದ ಹಣಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ ಹಾಕುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ. ಮನೆಯನ್ನು ಪ್ರತಿ ವರ್ಷ ರಿಟರ್ನ್‌ನಲ್ಲಿ ತೋರಿಸಲೇಬೇಕು. ಹವಾಲಾ ದಾರಿಯ ಯೋಚನೆಯೇ ಬೇಡ. ಅಲ್ಲಿನ ವಕೀಲರು ಹಣ ಎಲ್ಲಿಂದ ಬಂತು ಅಂತ ಒಂದೊಂದು ಕಾಗದ ಕೇಳುತ್ತಾರೆ.

ಅಲ್ಲಿನ ಸ್ಟಾಂಪ್ ಡ್ಯೂಟಿಯಲ್ಲಿ ನಮ್ಮವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಜಗತ್ತಿನಲ್ಲಿ ಎಲ್ಲೇ ಆಗಲಿ, ನಿಮಗೆ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ಮನೆ ಇದ್ದರೆ 5 ಪರ್ಸೆಂಟ್ ಜಾಸ್ತಿ. ಅಂದರೆ ಕಲಬುರಗಿಯ ಮನೆಯೂ ಲೆಕ್ಕಕ್ಕೆ ಬರುತ್ತದೆ! ಅಲ್ಲಿ ವಾಸವಿಲ್ಲದವರಿಗೆ 2021ರಿಂದ ಮತ್ತೆ 2 ಪರ್ಸೆಂಟ್.

ಮಾತು ಆಯ್ತು ಅಂತ ನೆಮ್ಮದಿಯಾಗಿ ಕೂರಬೇಡಿ. ಸಹಿಯಾದ ಕರಾರು ಪತ್ರಗಳನ್ನು ಎರಡೂ ಕಡೆಯ ವಕೀಲರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರೆಗೆ, ಹೆಚ್ಚು ಬೆಲೆ ಕೊಡುವವರು ಬಂದರೆ ಮಾರುವವರು ಅವರಿಗೇ ಕೊಡಬಹುದು. ಕರಾರಾದ ಮೇಲೆ ನೀವು ಹಿಂದೆ ಸರಿದರೆ, ಸಾಮಾನ್ಯವಾಗಿ ಕೊಡುವ 10 ಪರ್ಸೆಂಟ್ ಮುಂಗಡ ಕಳೆದುಕೊಳ್ಳುತ್ತೀರಿ.

ಕೊನೆಗೆ, ಮನೆ ಯಾರ ಹೆಸರಲ್ಲಿ? ಮಗನಿಗಾಗಿ ಕೊಳ್ಳುತ್ತಾ ಅಪ್ಪನ ಹೆಸರು ಹಾಕಿಸುವುದು ನಮ್ಮ ರೂಢಿ. ಆದರೆ ನೀವು ಸದಾ ಕಲಬುರಗಿಯಲ್ಲೇ ಇದ್ದರೂ ಬ್ರಿಟನ್ನಿನಲ್ಲಿರುವ ಮನೆಗೆ ಅಲ್ಲಿನ ವಾರಸಾ ತೆರಿಗೆ ಬೀಳುತ್ತದೆ. ಸಾಮಾನ್ಯವಾಗಿ 3,25,000 ಪೌಂಡ್ ದಾಟಿದ ಭಾಗಕ್ಕೆ 40 ಪರ್ಸೆಂಟ್. ಆದ್ದರಿಂದ ಹೆಸರಿನ ತೀರ್ಮಾನ ಕರಾರಿಗೆ ಮೊದಲೇ ಆಗಬೇಕು. ಇಲ್ಲಿನ ಸಿಎ, ಅಲ್ಲಿನ ವಕೀಲ, ಇಬ್ಬರನ್ನೂ ಒಂದೇ ಫೋನಿನಲ್ಲಿ ಕೂರಿಸಿ ಮಾತಾಡಿಸಿ. ಮಗನೂ ಜೊತೆಗಿರಲಿ.

ಈಗ ನಿಮ್ಮ ಪ್ರಶ್ನೆ ಕೇಳಿ. ಕಾಗದ ತಂದವರು ಮೊದಲು ಬನ್ನಿ.