ಸ್ಟೇಕ್ ಎ ಕ್ಲೇಮ್: ಗೂಟ ಹೊಡೆದರೆ ಸಾಕಾ?

ನಮಸ್ಕಾರ. ಎಲೆಕ್ಷನ್ ರಿಸಲ್ಟ್ ಬಂದ ದಿನ ಇಂಗ್ಲಿಷ್ ಚಾನೆಲ್ ಹಾಕಿದರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: 'ಸ್ಟೇಕ್ಸ್ ಕ್ಲೇಮ್ ಟು ಫಾರ್ಮ್ ಗವರ್ನಮೆಂಟ್.' ಕನ್ನಡ ಪೇಪರಿನಲ್ಲಿ ಇದೇ 'ಸರ್ಕಾರ ರಚನೆಗೆ ಹಕ್ಕು ಮಂಡನೆ'. ಇಲ್ಲಿ ಸ್ಟೇಕ್ ಅಂದರೆ ಗೂಟ. ರಾಜಭವನಕ್ಕೂ ಗೂಟಕ್ಕೂ ಏನು ಸಂಬಂಧ? ಗೂಟದ ಕಾರು ಅಂತೀರಾ? ಅದು ಬೇರೆ ಗೂಟ.

[ತೆರೆಯ ಮೇಲೆ: ಕ್ಯಾಲಿಫೋರ್ನಿಯಾ ನಕ್ಷೆ, ಕೊಲೋಮಾ ಗುರುತು]

1848ರ ಜನವರಿ 24. ಕೊಲೋಮಾ ಎಂಬಲ್ಲಿ ಜೇಮ್ಸ್ ಮಾರ್ಷಲ್, ಜಾನ್ ಸಟರ್ ಎಂಬ ಜಮೀನ್ದಾರನಿಗೆ ಮರ ಕೊಯ್ಯುವ ಮಿಲ್ ಕಟ್ಟಿಸುತ್ತಿದ್ದ. ಮಿಲ್ಲಿನ ಕಾಲುವೆಯಲ್ಲಿ ಅವನಿಗೆ ಚಿನ್ನ ಕಂಡಿತು. ಸುದ್ದಿ ಹಬ್ಬಿತು. ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದರು. ಆ ನೆಲ ಮೆಕ್ಸಿಕೋದಿಂದ ಅಮೆರಿಕದ ಕೈಗೆ ಆಗಷ್ಟೇ ಬಂದಿತ್ತು. ಗಣಿಗಾರಿಕೆಗೆ ಸರಿಯಾದ ಕಾನೂನೇ ಇರಲಿಲ್ಲ.

ಹಾಗಾಗಿ ಚಿನ್ನ ಹುಡುಕುವವರೇ ಸಭೆ ಸೇರಿ ನಿಯಮ ಮಾಡಿಕೊಂಡರು. ಒಬ್ಬನಿಗೆ ಇಷ್ಟೇ ಅಡಿ ಜಾಗ. ಮೂಲೆಗಳಲ್ಲಿ ಗೂಟ ಹೊಡೆದು ಗಡಿ ತೋರಿಸಬೇಕು. ಆ ತುಂಡು ಜಾಗಕ್ಕೇ ಕ್ಲೇಮ್ ಎಂದು ಹೆಸರು ಬಿತ್ತು.

ಆದರೆ ಗೂಟ ಹೊಡೆದು ಮನೆಗೆ ಹೋಗಿ ಮಲಗುವಂತಿರಲಿಲ್ಲ. ಜಾಗದಲ್ಲಿ ಕೆಲಸ ನಡೆಯುತ್ತಲೇ ಇರಬೇಕು. ಸ್ವಲ್ಪ ದಿನ ಬಿಟ್ಟು ಹೋಗುವುದಾದರೆ ಗುದ್ದಲಿ, ಸಲಿಕೆ ಅಲ್ಲೇ ಇಟ್ಟು ಹೋಗುತ್ತಿದ್ದರು. ನಾವು ಬಸ್ಸಿನ ಸೀಟಿಗೆ ಟವೆಲ್ ಹಾಕುವುದಿಲ್ವಾ, ಹಾಗೆ. ಎಷ್ಟು ದಿನದೊಳಗೆ ವಾಪಸ್ ಬರಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಗಡುವು ಮೀರಿದರೆ ಜಾಗ ಬೇರೆಯವನ ಪಾಲು. ಗಡುವಿಗೆ ಮೊದಲೇ ನುಗ್ಗಿದವನನ್ನು ಕ್ಲೇಮ್ ಜಂಪರ್ ಎಂದು ಬೈಯುತ್ತಿದ್ದರು.

ಇದೆಲ್ಲ ನ್ಯಾಯವಾಗಿತ್ತು ಅಂದುಕೊಳ್ಳಬೇಡಿ. ಸಾವಿರಾರು ವರ್ಷದಿಂದ ಅಲ್ಲೇ ಇದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಹೊರದೇಶದಿಂದ ಬಂದವರ ಮೇಲೆ 1850ರಲ್ಲಿ ತಿಂಗಳಿಗೆ 20 ಡಾಲರ್ ತೆರಿಗೆ ಹೇರಿದರು. ಸಟರ್ ಗತಿಯಂತೂ ಇನ್ನೂ ವಿಚಿತ್ರ: ಬಂದವರಲ್ಲಿ ಎಷ್ಟೋ ಜನ ಅವನ ಜಮೀನಿನಲ್ಲೇ ಬೀಡುಬಿಟ್ಟರು, ಅವನು ದಿವಾಳಿಯಾದ.

1872ರಲ್ಲಿ ಅಮೆರಿಕ ಸರ್ಕಾರ ಗಣಿ ಕಾನೂನು ತಂದಾಗ ಈ ಪದ್ಧತಿಯನ್ನೇ ಸುಮಾರಾಗಿ ಒಪ್ಪಿಕೊಂಡಿತು. ಗಡಿ ಗುರುತು ಹಾಕು, ವರ್ಷಕ್ಕೆ 100 ಡಾಲರ್ ಮೌಲ್ಯದ ಕೆಲಸ ಮಾಡು, ಆಗ ಕ್ಲೇಮ್ ಉಳಿಯುತ್ತದೆ. ಅಂದರೆ ಗೂಟದಿಂದ ಮಾತು ಶುರುವಾಯಿತು ಅಷ್ಟೇ. 'ನನ್ನದು' ಎಂದು ಊರಿಗೆಲ್ಲ ಹೇಳಿದ್ದೀಯ, ಈಗ ತೋರಿಸು.

[ತೆರೆಯ ಮೇಲೆ: ವಿಧಾನಸೌಧ, ಮೇ 2018]

ನಮ್ಮ ರಾಜಕೀಯಕ್ಕೆ ಈ ಮಾತು ಚೆನ್ನಾಗಿ ಹೊಂದಿಕೊಂಡದ್ದೂ ಇದಕ್ಕೇ ಅಂತ ನನಗನ್ನಿಸುತ್ತದೆ. 2018ರ ಮೇ ತಿಂಗಳಲ್ಲಿ ಬಿಜೆಪಿಗೆ 104 ಸೀಟು, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37 ಬಂತು. ಯಡಿಯೂರಪ್ಪ ಹಕ್ಕು ಮಂಡಿಸಿದರು. ಕಾಂಗ್ರೆಸ್ ಬೆಂಬಲ ಹಿಡಿದುಕೊಂಡು ಕುಮಾರಸ್ವಾಮಿಯವರೂ ಮಂಡಿಸಿದರು. ಒಂದೇ ಜಾಗಕ್ಕೆ ಎರಡು ಗೂಟ! ರಾಜ್ಯಪಾಲರು ಯಡಿಯೂರಪ್ಪನವರನ್ನು ಕರೆದರು, 17ರಂದು ಪ್ರಮಾಣವಚನ ಆಯಿತು. ಆದರೆ ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು. 1994ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದ್ದೂ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಕೇಸಿನಲ್ಲಿ. 19ರಂದು ಯಡಿಯೂರಪ್ಪ ವಿಶ್ವಾಸಮತಕ್ಕೆ ಹಾಕದೆಯೇ ರಾಜೀನಾಮೆ ಕೊಟ್ಟರು. 23ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು.

ಇನ್ನು ಬಳಸುವುದು ಹೇಗೆ? ಯಾವುದರ ಮೇಲೆ ಹಕ್ಕು ಹೇಳುತ್ತೀರೋ ಅದಕ್ಕೆ ಮೊದಲು 'ಟು' ಹಾಕಿ. ಕ್ರಿಕೆಟ್ ಸುದ್ದಿಯಲ್ಲಿ 'ಫಾರ್' ಕೂಡ ಬರುತ್ತದೆ. ರಣಜಿಯಲ್ಲಿ ಸೆಂಚುರಿ ಮೇಲೆ ಸೆಂಚುರಿ ಹೊಡೆದ ಹುಡುಗ 'ಸ್ಟೇಕ್ಡ್ ಹಿಸ್ ಕ್ಲೇಮ್ ಫಾರ್ ಎ ಪ್ಲೇಸ್ ಇನ್ ದ ಟೀಮ್' ಅಂತ ಬರೆಯುತ್ತಾರೆ. ಅವನಿಗೆ ಟೀಮಿನಲ್ಲಿ ಜಾಗ ಇನ್ನೂ ಸಿಕ್ಕಿಲ್ಲ, ಗಮನಿಸಿ. ನಮ್ಮಲ್ಲಿ 'ಸಿಎಂ ಕುರ್ಚಿಗೆ ಟವೆಲ್ ಹಾಕಿದ್ದಾರೆ' ಅನ್ನುವುದೂ ಹತ್ತಿರದ ಮಾತೇ, ಸ್ವಲ್ಪ ಗೇಲಿ ಜಾಸ್ತಿ.

ರಿಜಿಸ್ಟ್ರೇಷನ್ ಮುಗಿದು ಖಾತೆ ನಿಮ್ಮ ಹೆಸರಿಗೇ ಆಗಿರುವ ಮನೆಗೆ ಮಾತ್ರ ಇದನ್ನು ಬಳಸಬೇಡಿ. ಅದಕ್ಕೆ 'ಐ ಓನ್ ಇಟ್' ಸಾಕು. ಅದೇ ಮನೆಗೆ ನಾಳೆ ದಾಯಾದಿಗಳು ಬಂದು ಪಾಲು ಕೇಳಿದರೆ, ಆಗ ಸ್ಟೇಕ್ ಎ ಕ್ಲೇಮ್ ಮಾಡುತ್ತಿರುವವರು ಅವರು.