ಗಟ್ಟಿಯಾದರೂ ತಿರುಗುವ ಮೀಥೇನ್

(ದೃಶ್ಯ: ಮಂಡ್ಯದ ಹತ್ತಿರ ಒಂದು ಹಿತ್ತಲು. ಗೋಬರ್ ಗ್ಯಾಸ್ ಗುಂಡಿ.)

ನಮಸ್ಕಾರ. ಈ ಗುಂಡಿಯಿಂದ ಒಲೆಗೆ ಹೋಗಿ ಉರಿಯುವುದು ಮೀಥೇನ್. ಆಚೆ ನಾಲೆ ನೀರು ನಿಂತ ಭತ್ತದ ಗದ್ದೆಯ ಕೆಸರಿನಿಂದಲೂ ಅದೇ ಗುಳ್ಳೆ ಏಳುತ್ತದೆ. ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ಸುಮಾರು ಮೈನಸ್ 182 ಡಿಗ್ರಿಗೆ ಇಳಿಸಿದರೆ ಇದು ಗಟ್ಟಿಯಾಗುತ್ತದೆ.

ಗಟ್ಟಿ ಅಂದರೆ ಎಲ್ಲವೂ ಸುಮ್ನೆ ನಿಂತಿರಬೇಕು, ಅಲ್ವಾ? ಇಲ್ಲ. ಅಣುಗಳು ಜಾಗ ಬಿಡುವುದಿಲ್ಲ, ಆದರೆ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತವೆ. ಬುಗುರಿಗೆ ಒಂದೇ ಮೊಳೆ. ಇವು ಯಾವ ದಿಕ್ಕಿಗಾದರೂ ಹೊರಳುತ್ತವೆ.

(ಗ್ರಾಫ್: 20.4 ಕೆಲ್ವಿನ್ ಬಳಿ ಚೂಪಾದ ಏರು.)

1929ರಲ್ಲಿ ಜರ್ಮನಿಯ ವಿಜ್ಞಾನಿ ಕ್ಲೂಸಿಯಸ್, ಗಟ್ಟಿ ಮೀಥೇನಿನ ತಾಪ ಒಂದು ಡಿಗ್ರಿ ಏರಿಸಲು ಎಷ್ಟು ಶಾಖ ಬೇಕು ಅಂತ ಅಳೆದರು. 20.4 ಕೆಲ್ವಿನ್ ಹತ್ತಿರ, ಅಂದರೆ ಸುಮಾರು ಮೈನಸ್ 253 ಡಿಗ್ರಿಯಲ್ಲಿ, ಗೆರೆ ದಿಢೀರನೆ ಮೇಲೇರಿತು. ಅಲ್ಲಿಂದ ಕೆಳಗೆ ಅಣುಗಳು ಸಾಲು ಹಿಡಿಯುತ್ತವೆ, ಅಂದರೆ ಹೊರಳುವುದು ಬಿಟ್ಟು ಗೊತ್ತಾದ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಆದರೆ ಎಲ್ಲವೂ ಅಲ್ಲ! 1959ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಮತ್ತು ಕೀನನ್ ಲೆಕ್ಕ ಹಾಕಿದರು: ಎಂಟರಲ್ಲಿ ಆರು ಸಾಲಿಗೆ ಬರುತ್ತವೆ, ಎರಡು ತಿರುಗುತ್ತಲೇ ಇರುತ್ತವೆ. ಆ ಎರಡರ ಮೇಲೆ ಅಕ್ಕಪಕ್ಕದವರ ಎಳೆತ ಒಂದಕ್ಕೊಂದು ರದ್ದಾಗುತ್ತದೆ. ಆಮೇಲೆ ನ್ಯೂಟ್ರಾನ್ ಪ್ರಯೋಗಗಳೂ ಇದನ್ನೇ ತೋರಿಸಿದವು.

ಈಗ ಕ್ರಿಪ್ಟಾನ್ ಅನ್ನುವ ಇನ್ನೊಂದು ಅನಿಲ ಬೆರೆಸೋಣ. ಗಾತ್ರ ಹೆಚ್ಚುಕಡಿಮೆ ಮೀಥೇನಿನಷ್ಟೇ, ಹಾಗಾಗಿ ಹರಳಿನಲ್ಲಿ ಸಲೀಸಾಗಿ ಸೇರಿಕೊಳ್ಳುತ್ತದೆ. ಆದರೆ ಅದು ದುಂಡನೆಯ ಪರಮಾಣು, ಮುಖವೂ ಇಲ್ಲ, ಬೆನ್ನೂ ಇಲ್ಲ. ಪಕ್ಕದ ಮೀಥೇನಿಗೆ 'ಹೀಗೆ ತಿರುಗಿ ನಿಲ್ಲು' ಅನ್ನುವವರೇ ಕಡಿಮೆಯಾಗುತ್ತಾರೆ. ಕ್ರಿಪ್ಟಾನ್ ಜಾಸ್ತಿಯಾದಷ್ಟೂ ಸಾಲು ಹಿಡಿಯುವ ತಾಪ ಕೆಳಗಿಳಿಯುತ್ತದೆ, ಕೊನೆಗೆ ಸಾಲೇ ಇರುವುದಿಲ್ಲ. ಒಂಟಿ ಮೀಥೇನ್ ಹೆಚ್ಚುಕಡಿಮೆ ಸ್ವತಂತ್ರವಾಗಿ ತಿರುಗುತ್ತದೆ.

(ಗ್ರಾಫಿಕ್ಸ್: ಮೆಟ್ಟಿಲಿನ ಹಾಗೆ ಶಕ್ತಿಮಟ್ಟಗಳು.)

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತದೆ. ಕ್ವಾಂಟಂ ನಿಯಮದಲ್ಲಿ ಬೇಕಾದಷ್ಟು ವೇಗದಲ್ಲಿ ತಿರುಗುವ ಹಾಗಿಲ್ಲ. ಸ್ವತಂತ್ರ ಮೀಥೇನಿಗೆ ತಿರುಗದ ಸ್ಥಿತಿಗೂ ಮೊದಲ ತಿರುಗುವ ಸ್ಥಿತಿಗೂ ಶಕ್ತಿಯ ಅಂತರ, ತಾಪದ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 15 ಕೆಲ್ವಿನ್‌ನಷ್ಟು. ಹಾಗಾದರೆ 2 ಕೆಲ್ವಿನ್‌ನಲ್ಲಿ ಎಲ್ಲ ಅಣುಗಳೂ ನಿಲ್ಲಬೇಕಿತ್ತು. ನಿಲ್ಲಲು ಇನ್ನೊಂದು ಷರತ್ತಿದೆ: ನಾಲ್ಕು ಪ್ರೋಟಾನ್‌ಗಳ (ಹೈಡ್ರೋಜನ್‌ಗಳ ನಡುವಿನ ಬೀಜಗಳ) ಸ್ಪಿನ್ನೂ, ಅಂದರೆ ಪ್ರತಿಯೊಂದರೊಳಗಿನ ಪುಟ್ಟ ಅಯಸ್ಕಾಂತದ ದಿಕ್ಕೂ, ಒಂದೇ ಕಡೆ ಇರಬೇಕು. ಕೋಣೆಯ ತಾಪದಲ್ಲಿ ಹದಿನಾರರಲ್ಲಿ ಐದು ಅಣುಗಳು ಮಾತ್ರ ಹಾಗಿರುತ್ತವೆ. ಉಳಿದವು ಚಳಿಯಲ್ಲೂ ತಿರುಗುತ್ತಲೇ ಇರಬೇಕು, ಸ್ಪಿನ್ ಬದಲಾಗುವ ತನಕ. ಅದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು.

ಅಲ್ಲಿಗೆ ಒಂಚೂರು ಆಕ್ಸಿಜನ್ ಸೇರಿಸಿ. ಆಕ್ಸಿಜನ್ ಅಣು ತಾನೇ ಒಂದು ಪುಟಾಣಿ ಅಯಸ್ಕಾಂತ. ಅದರ ಎಳೆತಕ್ಕೆ ಪ್ರೋಟಾನ್ ಸ್ಪಿನ್‌ಗಳು ಬೇಗ ಬದಲಾಗುತ್ತವೆ, ತಿರುಗುವಿಕೆಯಾಗಿ ಒಳಗೆ ಸಿಕ್ಕಿಕೊಂಡಿದ್ದ ಶಾಖವೂ ಬೇಗ ಹೊರಬರುತ್ತದೆ.

ಹಾಗಾಗಿ ಬೇಗ ಅಳೆದರೆ ಒಂದು ಉತ್ತರ, ತಡವಾಗಿ ಅಳೆದರೆ ಇನ್ನೊಂದು, ಹರಳು ಮಾತ್ರ ಅದೇ. ಮಾನಸಗಂಗೋತ್ರಿಯ ಎಂ.ಎಸ್ಸಿ. ಗೆಳೆಯರೇ, ಮೀಥೇನ್ ಮಿಶ್ರಣದ ಶಾಖದ ಅಂಕಿ ಎಲ್ಲಾದರೂ ಕಂಡರೆ ಮೊದಲು ಎರಡು ವಿಷಯ ಹುಡುಕಿ: ಎಷ್ಟು ಹೊತ್ತು ಕಾದರು, ಆಕ್ಸಿಜನ್ ಎಷ್ಟಿತ್ತು.