ಆ ‘ಕೀಚ್’ ಸದ್ದು ಅಲ್ಲೇ ಇರಲಿ

ನಮಸ್ಕಾರ. ಇವತ್ತು ಒಂದು ಚಿಕ್ಕ ಸದ್ದಿನಿಂದ ಶುರು ಮಾಡುತ್ತೇನೆ. ಕೀಚ್.

ಕೆಲವು ವರ್ಷಗಳ ಹಿಂದೆ ನಾನು ‘ವಿಕಿ ಕ್ರಿಸ್ಟಿನಾ ಬಾರ್ಸಿಲೋನಾ’ ಸಿನಿಮಾದ ಸೌಂಡ್‌ಟ್ರ್ಯಾಕ್‌ಗೆ ಮರುಳಾಗಿದ್ದೆ. 2008ರ ಚಿತ್ರ, ವುಡಿ ಆಲನ್ ನಿರ್ದೇಶನದ್ದು. ಸಿನಿಮಾ ನೋಡಿದ್ದು ಒಂದೇ ಸಲ. ಸಂಗೀತ ಕೇಳಿದ್ದಕ್ಕೆ ಲೆಕ್ಕ ಇಟ್ಟಿಲ್ಲ. ಆದರೆ ಒಂಟಿ ಗಿಟಾರ್ ಬಂದಾಗಲೆಲ್ಲ ಮಧ್ಯೆ ಮಧ್ಯೆ ಈ ಕೀಚ್. ಬೋರ್ಡಿನ ಮೇಲೆ ಸೀಮೆಸುಣ್ಣ ಜಾರಿದ ಹಾಗೆ. ಫೈಲ್ ಕೆಟ್ಟಿದೆ ಅಂದುಕೊಂಡೆ. ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದೆ. ಅದೇ ಜಾಗ, ಅದೇ ಕೀಚ್. ಹೆಡ್‌ಫೋನ್ ಹಳೆಯದಾಯಿತು ಅಂತ ಹೊಸದು ಕೊಂಡೆ. ಒಳ್ಳೆಯದನ್ನೇ ಕೊಂಡೆ. ಅದರಲ್ಲಿ ಕೀಚ್ ಇನ್ನೂ ಚೆನ್ನಾಗಿ ಕೇಳಿಸಿತು!

ಕೊನೆಗೆ ಗಿಟಾರ್ ನುಡಿಸುವ ಗೆಳೆಯನ ಹತ್ತಿರ ಗೋಳು ಹೇಳಿಕೊಂಡೆ. ಅವನು ನಗಲೂ ಇಲ್ಲ, ಉತ್ತರವನ್ನೂ ಕೊಡಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ದಪ್ಪ ತಂತಿಯ ಮೇಲೆ ಎಡಗೈ ಬೆರಳನ್ನು ಸರ್ರನೆ ಜಾರಿಸಿದ. ಕೀಚ್.

ಅಷ್ಟೇ ವಿಷಯ. ಈ ಗಿಟಾರಿನಲ್ಲಿ ಆರು ತಂತಿ. ಮೂರು ಸಣ್ಣವು ಬರೀ ನೈಲಾನ್, ನುಣುಪು. ಮೂರು ದಪ್ಪನೆಯವಕ್ಕೆ ಮೇಲೆ ತೆಳ್ಳನೆಯ ಲೋಹದ ಎಳೆ ಸುತ್ತಿರುತ್ತಾರೆ. ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ಓಡುವಾಗ ಆ ಸುತ್ತುಗಳ ಮೇಲೆ ಚರ್ಮ ಉಜ್ಜುತ್ತದೆ. ನಾನು ದುಡ್ಡು ಕೊಟ್ಟು ಓಡಿಸಲು ನೋಡಿದ್ದು ಒಬ್ಬ ಮನುಷ್ಯನ ಬೆರಳನ್ನು.

ಅವತ್ತಿನಿಂದ ನನಗೆ ಕಿವಿಯೇ ಬದಲಾಯಿತು. ಸಿನಿಮಾದಲ್ಲಿ ಸ್ಪ್ಯಾನಿಷ್ ಶೈಲಿಯ ಗಿಟಾರ್ ಬಂದರೆ ನಾನು ಈಗ ರಾಗಕ್ಕಿಂತ ಮೊದಲು ಕೈಯನ್ನು ಹುಡುಕುತ್ತೇನೆ. ಕೈ ಕೇಳಿಸಿತೋ, ಸಂಗೀತ ನನ್ನದು. ಕೇಳಿಸಲಿಲ್ಲವೋ, ಎಷ್ಟೇ ದೊಡ್ಡ ಆರ್ಕೆಸ್ಟ್ರಾ ಇರಲಿ, ಅದು ನನಗೆ ಬರೀ ವಾಲ್‌ಪೇಪರ್. ಇದು ಅನ್ಯಾಯದ ಅಳತೆ ಅಂತ ನೀವು ಹೇಳಬಹುದು. ಇರಲಿ, ಚಾನೆಲ್ ನನ್ನದು ತಾನೇ.

ಯಾಕೆ ಈ ವಾದ್ಯಕ್ಕೇ ಈ ಹಠ? ಸ್ಪೇನಿನ ಹಾಡು-ಕುಣಿತದ ಸಂಗೀತವಾದ ಫ್ಲಮೆಂಕೊದ ಗಿಟಾರನ್ನು ಹತ್ತಿರದಿಂದ ನೋಡಿ. ಅದರ ಮೈ ಹೆಚ್ಚಾಗಿ ಸೈಪ್ರೆಸ್ ಮರದ್ದು, ಹಗುರ. ತಂತಿಗಳು ಪಟ್ಟಿಗೆ ಅಂಟಿಕೊಂಡ ಹಾಗೆ ಕೆಳಗೆ ಇರುತ್ತವೆ. ಹಾಗಾಗಿ ಜೋರಾಗಿ ಮೀಟಿದರೆ ತಂತಿ ಲೋಹದ ಕಟ್ಟುಗಳಿಗೆ ತಾಗಿ ಝರ್ ಅನ್ನುತ್ತದೆ. ಕ್ಲಾಸಿಕಲ್ ಗಿಟಾರಿನವರು ಅದನ್ನು ದೋಷ ಅನ್ನುತ್ತಾರೆ. ಇವರಿಗೆ ಅದೇ ರುಚಿ. ತಂತಿಗಳ ಪಕ್ಕದಲ್ಲಿ ಮರದ ಮೇಲೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅಲಂಕಾರಕ್ಕೆ ಅಂದುಕೊಂಡಿದ್ದೆ. ಅಲ್ಲ. ನುಡಿಸುವವರು ನಡುನಡುವೆ ಉಂಗುರದ ಬೆರಳಿನಿಂದ ಅಲ್ಲಿ ಟಕ್ ಅಂತ ಹೊಡೆಯುತ್ತಾರೆ. ಗೋಲ್ಪೆ ಅಂತ ಅದಕ್ಕೆ ಹೆಸರು. ಹಾಳೆ ಇಲ್ಲದಿದ್ದರೆ ಉಗುರಿನ ಏಟಿಗೆ ಮರ ಸವೆದು ಹೋಗುತ್ತದೆ. ಇನ್ನು ರಾಸ್ಗೆಯಾಡೊ. ಮುಷ್ಟಿ ಹಿಡಿದು ಬೆರಳುಗಳನ್ನು ಒಂದರ ಹಿಂದೆ ಒಂದು ಚಿಮ್ಮಿಸುವುದು. ಕೈಗೆ ಅಂಟಿದ ನೀರು ಕೊಡವುತ್ತೇವಲ್ಲ, ಹಾಗೆ. ಒಂದೇ ಏಟಿನಲ್ಲಿ ನಾಲ್ಕು ಉಗುರು, ಆರು ತಂತಿ. ಇದು ತಂತಿವಾದ್ಯವೋ ಚರ್ಮವಾದ್ಯವೋ ಅನ್ನುವ ಅನುಮಾನ ಬರಬೇಕು.

ಇಂಥ ವಾದ್ಯವನ್ನು ಸಿನಿಮಾದವರು ಎಷ್ಟೋ ಸಲ ಒಗ್ಗರಣೆಗೆ ಬಳಸುತ್ತಾರೆ. ಕಥೆ ಸ್ಪೇನಿಗೋ ಮೆಕ್ಸಿಕೊಗೋ ಹೋಯಿತು ಅಂತ ಹೇಳಬೇಕಾ? ಎರಡು ಝಣ್, ಒಂದು ಚಪ್ಪಾಳೆ, ಕೆಂಪು ಲಂಗ. ಮುಗಿಯಿತು. 2000ದ ‘ಮಿಷನ್ ಇಂಪಾಸಿಬಲ್ 2’ ಅನ್ನೇ ನೋಡಿ. ಸೆವಿಲ್ಲಾದಲ್ಲಿ ಫ್ಲಮೆಂಕೊ ನರ್ತಕಿಯರ ಹಿಮ್ಮಡಿಯ ಸದ್ದಿನ ನಡುವೆ ನಾಯಕ ನಾಯಕಿ ಒಬ್ಬರನ್ನೊಬ್ಬರು ನೋಡುವ ದೃಶ್ಯ ಇದೆ. ಹಾನ್ಸ್ ಝಿಮ್ಮರ್ ಸಂಗೀತ. ಅಲ್ಲಿ ನಾನು ನಿಜಕ್ಕೂ ಕುರ್ಚಿಯ ತುದಿಗೆ ಬಂದಿದ್ದೆ. ಆಮೇಲೆ ಬೈಕು, ಬಾಂಬು, ಎಲೆಕ್ಟ್ರಿಕ್ ಗಿಟಾರು ಬಂದು ಆ ಹಿಮ್ಮಡಿಗಳನ್ನು ತುಳಿದು ಹಾಕಿದವು. ಅದೇ ಚಿತ್ರದಲ್ಲಿ ಸೆವಿಲ್ಲಾದ ಪವಿತ್ರ ವಾರದ ಮೆರವಣಿಗೆಯನ್ನೂ ವಲೆನ್ಸಿಯಾದಲ್ಲಿ ಬೊಂಬೆ ಸುಡುವ ಹಬ್ಬವನ್ನೂ ಕಲಸಿ ಒಂದೇ ಮಾಡಿದ್ದಾರೆ. ಸ್ಪೇನಿನವರಿಗೆ ಸಿಟ್ಟು ಬರದೆ ಇರುತ್ತದಾ?

ಆದರೂ ಈ ಸಂಗೀತಕ್ಕೆ ನಮ್ಮ ಕಿವಿ ಯಾಕೆ ಇಷ್ಟು ಬೇಗ ಸೋಲುತ್ತದೆ? ಕರ್ನಾಟಕ ಸಂಗೀತದ ಮೊದಲ ಪಾಠ ಆದವರು ಒಂದು ಕೆಲಸ ಮಾಡಿ. ಮಾಯಾಮಾಳವಗೌಳದಲ್ಲಿ ಸರಳೆ ವರಿಸೆ ಹಾಡಿಕೊಳ್ಳಿ. ಈಗ ನಿಷಾದ ಒಂದನ್ನು ಮಾತ್ರ ಕೈಶಿಕಿ ನಿಷಾದಕ್ಕೆ ಇಳಿಸಿ. ವಕುಳಾಭರಣ ಬಂತು, 14ನೇ ಮೇಳ. ಹಿಂದೂಸ್ತಾನಿಯವರ ಬಸಂತ್ ಮುಖಾರಿ. ಫ್ಲಮೆಂಕೊ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗಳೂ ಇವೇ. ಆ ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಒಂದು ಜಿಗಿತ ಇದೆಯಲ್ಲ, ಅಲ್ಲೇ ಇರುವುದು ಮೈ ಜುಮ್ಮೆನ್ನುವ ಜಾಗ. ಇನ್ನು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ ಲೆಕ್ಕದಲ್ಲಿ ನೋಡಿದರೆ ಎ ಮೈನರ್, ಜಿ, ಎಫ್, ಇ. ನಾಲ್ಕು ಮೆಟ್ಟಿಲು ಇಳಿದು ಕೊನೆಯದರ ಮೇಲೆ ನಿಂತುಬಿಡುತ್ತದೆ. ಹೊರಟ ಮನೆಗೆ ವಾಪಸ್ ಬರುವುದೇ ಇಲ್ಲ. ಅದಕ್ಕೇ ಈ ಸಂಗೀತ ಕೇಳಿದಾಗ ಏನೋ ನಡೆಯಲಿದೆ ಅನಿಸುವುದು. ಸಿನಿಮಾದವರಿಗೆ ಬೇಕಾದ್ದೂ ಅದೇ ಅಲ್ವಾ?

ಸರಿ, ಬಾರ್ಸಿಲೋನಾಗೆ ಬರೋಣ. ಆ ಚಿತ್ರಕ್ಕೆ ಅಂತ ಹಿನ್ನೆಲೆ ಸಂಗೀತ ಬರೆಸಲಿಲ್ಲ. ಮೊದಲೇ ಇದ್ದ ರೆಕಾರ್ಡಿಂಗ್‌ಗಳನ್ನು ಆರಿಸಿ ಜೋಡಿಸಿದ್ದಾರೆ. ನನಗೆ ಇದೇ ಇಷ್ಟವಾದದ್ದು. ಚಿತ್ರಕ್ಕೆ ಅಂತ ಬರೆದ ಸಂಗೀತ ನಾಯಕಿ ಅತ್ತರೆ ಅಳುತ್ತದೆ, ಓಡಿದರೆ ಓಡುತ್ತದೆ. ಒಳ್ಳೆ ಸೇವಕನ ಹಾಗೆ. ಇಲ್ಲಿ ಗಿಟಾರಿಗೆ ತನ್ನದೇ ಕೆಲಸ ಇದೆ. ನೀವು ಬೇಕಾದರೆ ಪ್ರೀತಿ ಮಾಡಿ, ಬೇಕಾದರೆ ಜಗಳ ಆಡಿ, ಅದು ತನ್ನ ಪಾಡಿಗೆ ನುಡಿಯುತ್ತಿರುತ್ತದೆ. ಒಂದು ರಾತ್ರಿಯ ದೃಶ್ಯದಲ್ಲಿ ವಿಕಿ ಸುಮ್ನೆ ಕೂತು ಗಿಟಾರ್ ಕೇಳುತ್ತಾಳೆ. ಮದುವೆ ನಿಶ್ಚಯವಾದ, ಎಲ್ಲವನ್ನೂ ಲೆಕ್ಕ ಹಾಕಿ ಮಾಡುವ ಹುಡುಗಿ. ಅವಳ ಕಣ್ಣು ತುಂಬಿಕೊಳ್ಳುತ್ತದೆ. ಯಾರೂ ಏನೂ ಮಾತಾಡುವುದಿಲ್ಲ. ಇಡೀ ಚಿತ್ರದಲ್ಲಿ ನಾನು ನಂಬಿದ ಕ್ಷಣ ಅದೊಂದೇ ಅಂದರೂ ತಪ್ಪಿಲ್ಲ.

ಆ ಸೌಂಡ್‌ಟ್ರ್ಯಾಕ್‌ನಲ್ಲಿ ಫ್ಲಮೆಂಕೊ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅವರ ‘ಎಂತ್ರೆ ದೋಸ್ ಆಗ್ವಾಸ್’ ಇದೆ. 1973ರ ಆಲ್ಬಮ್‌ನದು. ಎರಡು ನೀರಿನ ನಡುವೆ ಅಂತ ಅರ್ಥ. ಅವರ ಊರು ಆಲ್ಹೆಸಿರಾಸ್, ಮೆಡಿಟರೇನಿಯನ್ನೂ ಅಟ್ಲಾಂಟಿಕ್ಕೂ ಸೇರುವ ಕಡೆ. ಆಲ್ಬಮ್‌ನಲ್ಲಿ ಜಾಗ ಉಳಿದಿತ್ತು ಅಂತ ಕೊನೆಯಲ್ಲಿ ತುಂಬಿಸಿದ ತುಣುಕು ಇದು ಎಂದು ಹೇಳುತ್ತಾರೆ. ಅದೇ ಅವರಿಗೆ ದೊಡ್ಡ ಹೆಸರು ತಂದಿತು! ಬೊಂಗೊ, ಬೇಸ್ ಗಿಟಾರ್, ಮೇಲೆ ಪಾಕೊ. ತೋರುಬೆರಳು, ನಡುಬೆರಳು ಎರಡೇ ಓಡುತ್ತವೆ, ಕಾಲುಗಳ ಹಾಗೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಪ್ರತಿ ಸ್ವರದ ಮುಂದೆ ಉಗುರು ತಂತಿಯನ್ನು ಬಿಡುವ ಆ ಒಂದು ಕಿಡಿ ಸಿಗುತ್ತದೆ. ಫೋನ್ ಸ್ಪೀಕರ್‌ನಲ್ಲಿ ಸಿಗುವುದಿಲ್ಲ. ದಯವಿಟ್ಟು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ.

ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ. “ಇದೆಲ್ಲ ಟೂರಿಸ್ಟ್ ಗಿಟಾರ್, ಅಪ್ಪಟ ಅಲ್ಲ” ಅಂತ. ಬಾರ್ಸಿಲೋನಾ ಇರುವುದು ಕ್ಯಾಟಲೋನಿಯಾದಲ್ಲಿ, ಫ್ಲಮೆಂಕೊ ಹುಟ್ಟಿದ್ದು ದಕ್ಷಿಣದ ಆಂಡಲೂಸಿಯಾದಲ್ಲಿ. ಮಾತು ನಿಜವೇ. ಆದರೆ ಅಪ್ಪಟ ಯಾವುದು ಅಂತ ಹುಡುಕಲು ಹೊರಟರೆ ತಮಾಷೆ ಶುರುವಾಗುತ್ತದೆ. ಇದೇ ಸೌಂಡ್‌ಟ್ರ್ಯಾಕ್‌ನಲ್ಲಿ ‘ಆಸ್ಟೂರಿಯಾಸ್’ ಇದೆ. ಸ್ಪ್ಯಾನಿಷ್ ಗಿಟಾರ್ ಅಂದರೆ ಜಗತ್ತಿಗೆ ಮೊದಲು ನೆನಪಾಗುವ ತುಣುಕುಗಳಲ್ಲಿ ಒಂದು. ಬರೆದವರು ಇಸಾಕ್ ಆಲ್ಬೆನಿಸ್. ಬರೆದದ್ದು ಪಿಯಾನೊಗೆ! ಅವರು ಕ್ಯಾಟಲೋನಿಯಾದವರು. ಧಾಟಿ ಆಂಡಲೂಸಿಯಾದ್ದು. ಹೆಸರು ಉತ್ತರದ ಆಸ್ಟೂರಿಯಾಸ್ ಪ್ರಾಂತ್ಯದ್ದು. ಆ ಹೆಸರನ್ನೂ ಅವರು ಇಟ್ಟಿದ್ದಲ್ಲ. 1909ರಲ್ಲಿ ಅವರು ತೀರಿಕೊಂಡ ಮೇಲೆ ಜರ್ಮನಿಯ ಪ್ರಕಾಶಕರು ಅಂಟಿಸಿದ್ದು. ಸಿನಿಮಾದ ಪಾತ್ರಗಳು ವಾರಾಂತ್ಯಕ್ಕೆ ಹೋಗುವ ಓವಿಯೆದೊ ಇದೇ ಆಸ್ಟೂರಿಯಾಸಿನ ರಾಜಧಾನಿ. ಒಬ್ಬ ಪ್ರಕಾಶಕರ ತಪ್ಪು ನೂರು ವರ್ಷ ಆದಮೇಲೆ ಹೀಗೆ ಸರಿಹೋಯಿತು!

ಇನ್ನೂ ಬೇಕಾ? ಫ್ಲಮೆಂಕೊದಲ್ಲಿ ಮೇಲೆ ಕೂತು ಬಡಿಯುವ ಪೆಟ್ಟಿಗೆ ಇದೆಯಲ್ಲ, ಕಹೋನ್, ಅದು ಪೆರು ದೇಶದ್ದು. 1970ರ ದಶಕದ ಕೊನೆಯಲ್ಲಿ ಇದೇ ಪಾಕೊ ತಂದು ಸೇರಿಸಿದ್ದು. ಇದೇ ಧಾಟಿಯ ಗಿಟಾರಿಗೆ ಹೆಸರಾದ ಜಿಪ್ಸಿ ಕಿಂಗ್ಸ್ ತಂಡದವರು ಫ್ರಾನ್ಸಿನವರು. ಕೌಬಾಯ್ ಚಿತ್ರಗಳಲ್ಲಿ ಅಮೆರಿಕದ ಮರುಭೂಮಿ ಅಂತ ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ತೋರಿಸಿದ್ದರಲ್ಲಿ ಬಹುಪಾಲು ಸ್ಪೇನಿನ ಆಲ್ಮೆರಿಯಾ. ಇವತ್ತಿನ ಗಿಟಾರಿನ ಆಕಾರ ಅಳತೆ ಗೊತ್ತು ಮಾಡಿದ 19ನೇ ಶತಮಾನದ ಆಂಟೋನಿಯೊ ದೆ ತೊರ್ರೆಸ್ ಕೂಡ ಅದೇ ಆಲ್ಮೆರಿಯಾದವರು. 1995ರ ‘ಡೆಸ್ಪೆರಾಡೊ’ದಲ್ಲಿ ಮೆಕ್ಸಿಕೊದ ಮರಿಯಾಚಿಯಾಗಿ, ಅಂದರೆ ಅಲ್ಲಿನ ಜಾನಪದ ಸಂಗೀತಗಾರನಾಗಿ ಹಾಡುವ ಆಂಟೋನಿಯೊ ಬಾಂದೆರಾಸ್ ಸ್ಪೇನಿನ ಮಾಲಗಾದವರು. ಹಿಂದೆ ನುಡಿಸುವ ಲೋಸ್ ಲೋಬೋಸ್ ತಂಡದವರು ಲಾಸ್ ಏಂಜಲೀಸ್‌ನವರು. ಆ ಚಿತ್ರದ ಸಂಗೀತಕ್ಕೆ ಅವರಿಗೆ ಗ್ರ್ಯಾಮಿಯೂ ಬಂತು. ಎಲ್ಲಿಯ ಅಪ್ಪಟ? ಈ ಗಿಟಾರ್ ಯಾವತ್ತೂ ಊರೂರು ತಿರುಗಿದ್ದೇ. ಹಾಗಾಗಿ ನನ್ನ ಮಟ್ಟಿಗೆ ಜಾತಕ ಕೇಳುವುದು ಬಿಟ್ಟು ಕೈ ಕೇಳುವುದೇ ಸರಿ.

ಕೈಯೊಂದೇ ಸಾಕು ಅನ್ನುವುದಕ್ಕೆ ಒಂದು ಚಿತ್ರ ಇದೆ. 1952ರ ಫ್ರೆಂಚ್ ಚಿತ್ರ ‘ಜೂ ಆಂತೆರ್ದಿ’, ನಿರ್ದೇಶನ ರೆನೆ ಕ್ಲೆಮಾಂ. ಯುದ್ಧದ ಕಥೆ. ವಿಮಾನ ದಾಳಿಯಲ್ಲಿ ಅಪ್ಪ ಅಮ್ಮನನ್ನೂ ನಾಯಿಮರಿಯನ್ನೂ ಕಳೆದುಕೊಂಡ ಪುಟ್ಟ ಹುಡುಗಿ, ಹಳ್ಳಿಯ ಹುಡುಗನೊಬ್ಬನ ಜೊತೆ ಸೇರಿ ಸತ್ತ ಪ್ರಾಣಿಗಳಿಗೆ ಸ್ಮಶಾನ ಕಟ್ಟುತ್ತಾಳೆ. ಇಂಥ ಕಥೆಗೆ ಯಾರಾದರೂ ಐವತ್ತು ಪಿಟೀಲು ತರುತ್ತಿದ್ದರು. ಇಲ್ಲಿ ಇರುವುದು ಒಂದೇ ಗಿಟಾರ್. ನುಡಿಸಿದವರು ಸ್ಪೇನಿನ ನಾರ್ಸಿಸೊ ಯೆಪೆಸ್, ಆಗಿನ್ನೂ ಇಪ್ಪತ್ತರ ಹರೆಯ. ಅದರ ಮುಖ್ಯ ರಾಗ ‘ರೊಮಾನ್ಸ್’. ಗಿಟಾರ್ ಕಲಿಯುವವರು ಮೊದಮೊದಲು ಕೈಹಾಕುವ ತುಣುಕು. ರಾಗ ಶುರುವಿನಲ್ಲಿ ಒಂದೇ ತಂತಿಯ ಮೇಲೆ ನಡೆಯುತ್ತದೆ. ಕೆಳಗೆ ಎರಡು ತಂತಿ ತೊಟ್ಟಿಲು ತೂಗಿದ ಹಾಗೆ ತೂಗುತ್ತಿರುತ್ತವೆ. ಇದನ್ನು ಬರೆದವರು ಯಾರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಬಾಲ್ಯದಲ್ಲಿ ತಾನೇ ಬರೆದೆ ಅಂತ ಯೆಪೆಸ್ ಹೇಳಿದ್ದೂ ಉಂಟು. ನನ್ನ ಗೆಳೆಯ ಇದನ್ನು ನುಡಿಸುವಾಗ ಪ್ರತಿ ಸಲ ಒಂದೇ ಕಡೆ ತಪ್ಪುತ್ತಾನೆ, ಮೈನರ್ ಮುಗಿದು ಮೇಜರ್‌ಗೆ ಹೊರಳುವ ತಿರುವಿನಲ್ಲಿ. ತಪ್ಪಿ ಒಂದು ಕ್ಷಣ ನಿಲ್ಲುತ್ತಾನೆ. ನನಗೆ ಈಗ ಆ ನಿಲುಗಡೆ ಇಲ್ಲದೆ ಯೆಪೆಸ್ ನುಡಿಸಿದ್ದೇ ಅವಸರ ಅನಿಸುತ್ತದೆ. ಇದನ್ನು ಅವನಿಗೆ ಹೇಳಿಲ್ಲ.

ಕೊನೆಗೆ ಒಂದು ದೂರು. ಈ ಸಂಗೀತ ಪೂರ್ತಿ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಚಿತ್ರ ಮುಗಿದು ಹೆಸರುಗಳು ಮೇಲೇರುವಾಗ. ಸಂಭಾಷಣೆ ಇಲ್ಲ, ಗುಂಡಿನ ಸದ್ದಿಲ್ಲ, ಗಿಟಾರಿಗೆ ಇಡೀ ಪರದೆ ಖಾಲಿ. 2004ರ ‘ಕಿಲ್ ಬಿಲ್’ ಎರಡನೇ ಭಾಗದ ಕೊನೆಯಲ್ಲಿ ‘ಮಲಗೇನಿಯಾ ಸಲೆರೋಸಾ’ ಬರುತ್ತದೆ. ಮೆಕ್ಸಿಕೊದ ಹಾಡು, ಮಾಲಗಾದ ಹೆಣ್ಣಿನ ಮೇಲೆ. ನುಡಿಸಿದ್ದು ‘ಡೆಸ್ಪೆರಾಡೊ’ದ ನಿರ್ದೇಶಕ ರಾಬರ್ಟ್ ರೊಡ್ರಿಗೆಸ್ ಅವರ ತಂಡ. ಆ ಚಿತ್ರದ ಸಂಗೀತಕ್ಕೆ ರೊಡ್ರಿಗೆಸ್ ಪಡೆದ ಸಂಭಾವನೆ 1 ಡಾಲರ್, ‘ಕಿಲ್ ಬಿಲ್’ ನಿರ್ದೇಶಿಸಿದ ಗೆಳೆಯ ಟ್ಯಾರಂಟಿನೊಗಾಗಿ. ಗಿಟಾರುಗಳು ಕುದುರೆ ಹಾಗೆ ಓಡುತ್ತವೆ. ಹಾಡುಗಾರ ಕಳ್ಳದನಿಗೆ ಏರಿ ಒಂದು ಸ್ವರ ಹಿಡಿಯುತ್ತಾನೆ. ಹಿಡಿದೇ ಇರುತ್ತಾನೆ. ಸರಿಯಾಗಿ ಆಗ ಪರದೆ ಮೂಲೆಗೆ ಹೋಗಿ ಅಂಚೆಚೀಟಿಯಷ್ಟಾಗುತ್ತದೆ. ಮುಂದಿನ ಸಿನಿಮಾ 5 ಸೆಕೆಂಡಿನಲ್ಲಿ, 4, 3. ನಾನು ಸೋಫಾ ಸಂದಿಯಲ್ಲಿ ರಿಮೋಟ್ ಹುಡುಕುತ್ತಿರುತ್ತೇನೆ. ಅವನಿನ್ನೂ ಆ ಸ್ವರ ಬಿಟ್ಟಿರುವುದಿಲ್ಲ.